ಜೊತೆಗೆ ಬಂದವರು ಹೇಳಿದ್ದು

ಹರಿಹರ
೧೨ ಜುಲೈ ೨೦೨೪

ಪ್ರೀತಿಯ ಯೋಗರಾಜಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಸೊಂಟದ ನೋವು ಹೇಗಿದೆ? ವಿಜಯಪುರದ ಡಿಪೋದಲ್ಲಿ ಹಗಲೆಲ್ಲ ಬಸ್ಸುಗಳ ಕೆಳಗೆ ಮಲಗಿ ರಿಪೇರಿ ಮಾಡುವವನು ಮನೆಗೆ ಬಂದಾದರೂ ಮಂಚದ ಮೇಲೆ ಮಲಗು. ಅಲ್ಲಿನ ಖಾರ ನಿನ್ನ ಹೊಟ್ಟೆಗೆ ಆಗುವುದಿಲ್ಲ, ಮೊಸರು ತಪ್ಪಿಸಬೇಡ. ಇಲ್ಲಿ ಬಿಂದು ಅತ್ತಿಗೆ ಚೆನ್ನಾಗಿದ್ದಾರೆ.

ಮಂಗಳವಾರ ದಾವಣಗೆರೆಗೆ ಮನೋವೈದ್ಯರ ಹತ್ತಿರ ಒಬ್ಬಳೇ ಹೋಗಿದ್ದೆ. ಎರಡು ವರ್ಷದಿಂದ ನೀನೇ ಕರೆದುಕೊಂಡು ಹೋಗುತ್ತಿದ್ದೆ. ಈಗ ನಿನಗೆ ವರ್ಗವಾಗಿದೆ, ಅತ್ತಿಗೆ ಅಂಗನವಾಡಿ ಬಿಟ್ಟು ಬರುವಂತಿಲ್ಲ. ನನಗಂತೂ ಹೋಗಲೇಬೇಕಿತ್ತು. ಕೈ ನಡುಗುವುದು ಹೆಚ್ಚಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಸೀರೆಗೆ ಫಾಲ್ ಹಚ್ಚುವ ಕೆಲಸ ನಿಂತು ತಿಂಗಳಾಯಿತು. ಗುಳಿಗೆಯಿಂದ ಹೀಗಾಗುತ್ತಿದೆಯೋ ಏನೋ, ಕೇಳಬೇಕಿತ್ತು. ಬಾಗಿಲಲ್ಲಿದ್ದ ಕಾಂಪೌಂಡರ್, ಮನೆಯವರು ಯಾರೂ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ. ಮೂವತ್ನಾಲ್ಕು ವರ್ಷದ ಹೆಂಗಸು, ಬಸ್ಸು ಹತ್ತಿ ಇಳಿದು, ಚೀಟಿ ಮಾಡಿಸಿ ಕೂತಿದ್ದೇನೆ, ಆದರೂ ಜೊತೆಗೆ ಒಬ್ಬರು ಬೇಕಂತೆ. ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲಿ ಮಂಡಿಪೇಟೆಯ ಬೆಳ್ಳುಳ್ಳಿ ವ್ಯಾಪಾರಿ, ಮಸ್ತಾನಸಾಬ್ ಎಂಬ ಮುದುಕರು, ಹೆಂಡತಿಯ ಗುಳಿಗೆ ಬರೆಸಲು ಬಂದು ಕೂತಿದ್ದರು. ಪರಿಚಯವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ಜೊತೆ ಒಳಗೆ ಬರುತ್ತೀರಾ ಎಂದೆ. ಪಾಪ, ಎದ್ದು ಬಂದರು.

ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. ಯಾವಾಗಿನಂತೆ ಜೊತೆಗೆ ಬಂದವರನ್ನೇ ಕೇಳಿದರು: ನಿದ್ದೆ ಮಾಡುತ್ತಾರಾ, ಊಟ ಮಾಡುತ್ತಾರಾ, ಮನೆಯಲ್ಲಿ ಗಲಾಟೆ ಏನಿಲ್ಲವಲ್ಲ? ಮಸ್ತಾನಸಾಬರು ಗಾಬರಿಯಾಗಿ ಕೈ ಮುಗಿದು, “ಎಲ್ಲಾ ಆರಾಮ ಐತ್ರಿ ಸಾಹೇಬ್ರ” ಅಂದುಬಿಟ್ಟರು. ಡಾಕ್ಟರು ಅದೇ ಗುಳಿಗೆಗಳನ್ನು ಇನ್ನು ಮೂರು ತಿಂಗಳಿಗೆ ಬರೆದರು. ಅಣ್ಣಾ, ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು ಬಂತು.

“ಇವ್ರು ಯಾರೋ ನಂಗೆ ಗೊತ್ತಿಲ್ರಿ. ನನ್ನ ಕೇಳ್ರಿ, ನಾನು ಇಲ್ಲೇ ಕುಂತೀನಿ” ಎಂದೆ. ಆಗ ತಲೆ ಎತ್ತಿದರು. ನೋಡಿದ್ದು ಮಾತ್ರ ಮಸ್ತಾನಸಾಬರನ್ನು. “ಇತ್ತೀಚೆಗೆ ಇವರಿಗೆ ಸಿಟ್ಟು ಜಾಸ್ತಿನಾ?” ಎಂದು ಅವರನ್ನೇ ಕೇಳಿದರು.

ಹೊರಗೆ ಬಂದ ಮೇಲೆ ಆ ಮುದುಕರು ತಪ್ಪಾಯಿತೆಂದು ನೊಂದುಕೊಂಡರು. ಬೆಂಚಿನ ಮೇಲೆ ಕೂರಿಸಿ, “ನಿಜ ಹೇಳವ್ವ, ಏನಾಗ್ತೈತೆ ನಿಂಗೆ?” ಎಂದರು. ಕೈಯದು, ಮನಸ್ಸಿನದು, ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಅವರಿಗೇನು ಔಷಧಿ ಗೊತ್ತು? ಆದರೂ ಹರಿಹರದ ಬಸ್ಸು ಹತ್ತುವಾಗ ಎದೆ ಹಗುರವಾಗಿತ್ತು. ಗುಳಿಗೆ ಬಿಟ್ಟಿಲ್ಲ, ಹೆದರಬೇಡ. ಮುಂದಿನ ಗುರುವಾರ ಬೇರೆ ಡಾಕ್ಟರಿಗೆ ತೋರಿಸುತ್ತೇನೆ. ಅವರು ರೋಗಿಯ ಜೊತೆಗೇ ಮಾತಾಡುತ್ತಾರಂತೆ, ನೋಡೋಣ.

ನಿನ್ನ ರೂಮಿನಲ್ಲಿರುವ ಬಕ್ಕೇಶಣ್ಣನಿಗೆ ಕೇಳಿದೆನೆಂದು ಹೇಳು. ಮೈ ಕಡೆ ಜೋಪಾನ.

ನಿನ್ನ ತಂಗಿ,
ರೇಖಾ

ಮರೆತಿದ್ದೆ: ಎರಡು ವರ್ಷ ಆ ಕುರ್ಚಿಯಲ್ಲಿ ಕೂತು ನೀನೂ ಮಸ್ತಾನಸಾಬರು ಹೇಳಿದ್ದನ್ನೇ ಹೇಳಿದೆ. ಪ್ರೀತಿಯಿಂದಲೇ ಹೇಳಿದೆ, ಗೊತ್ತು. ಈಗಲೂ ಪ್ರತಿ ಭಾನುವಾರ ಫೋನು ಮಾಡಿ “ರೇಖಾ ಹೆಂಗದಾಳೆ” ಎಂದು ಅತ್ತಿಗೆಯನ್ನು ಕೇಳುತ್ತೀಯ. ನಾನು ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಕೂತಿರುತ್ತೇನೆ. ಈ ಕಾಗದ ತಲುಪಿದ ಮೇಲಿನ ಭಾನುವಾರ ಫೋನು ನನ್ನ ಕೈಗೆ ಕೊಡಲು ಹೇಳು. ನನ್ನನ್ನೇ ಕೇಳು. ನಾನು ಏನು ಹೇಳಿದರೂ ಪೂರ್ತಿ ಕೇಳಿಸಿಕೋ.