ಎರಡನೇ ಫೈಲು

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ
ಆರನೇ ನಂಬರಿನ ಹಾಸಿಗೆ

ನನ್ನ ಮುಖ ನೋಡುವುದಿಲ್ಲವೆಂದು ಒಂಬತ್ತು ವರ್ಷದಿಂದ ಹಟ ಹಿಡಿದು ಕೂತಿರುವ ತಂಗಿಗೆ,

ಹೇಗಿದ್ದೀಯೆಂದು ಕೇಳುವುದಿಲ್ಲ. ನಾನು ಹಾಸಿಗೆ ಹಿಡಿದ ಸುದ್ದಿ ಕೇಳಿ, 'ಈಗ ಗೊತ್ತಾಗುತ್ತೆ ಅವಳಿಗೆ' ಎಂದೆಯಂತೆ. ಸೋದರಮಾವ ಉಪ್ಪುಖಾರ ಹಚ್ಚಿ ವರದಿ ಒಪ್ಪಿಸಿದರು. ಸಂತೋಷಪಡು. ಗೊತ್ತಾಗುತ್ತಿದೆ.

ಇಪ್ಪತ್ತೆರಡು ವರ್ಷ ನಾನೇ ನಡೆಸಿದ ವಾರ್ಡಿನಲ್ಲಿ ಈಗ ನಾನೇ ರೋಗಿ. ಇಲ್ಲಿಯ ಪದ್ಧತಿ ನಿನಗೆ ಗೊತ್ತಲ್ಲ, ಅದಕ್ಕೇ ಅಲ್ಲವೇ ನನ್ನನ್ನು ಬಿಟ್ಟದ್ದು? ವಾಸಿಯಾಗದ ಕಾಯಿಲೆಯವರಿಗೆ ಎರಡು ಫೈಲು. ಒಂದು ಮಂಚಕ್ಕೆ ನೇತುಹಾಕುವುದು, ರೋಗಿಯೂ ಮನೆಯವರೂ ಓದಲಿ ಎಂದು. ಇನ್ನೊಂದು, ನಿಜವಾದದ್ದು, ನರ್ಸ್ ಮೇಜಿನ ಡ್ರಾಯರಿನಲ್ಲಿ, ಬೀಗದೊಳಗೆ. ಆ ಪದ್ಧತಿ ತಂದವಳೇ ನಾನು. ಅಪ್ಪನ ಮಂಚಕ್ಕೂ 'ಹೊಟ್ಟೆಯ ಹುಣ್ಣು' ಎಂದು ಬರೆದು ನೇತುಹಾಕಿದ್ದೆ. ನೀನು ಅದನ್ನು ಓದಿ, ನಂಬಿ, ನಿಶ್ಚಿಂತೆಯಿಂದ ಕೆಲಸದ ಊರಿಗೆ ಹೋದೆ. ಮರಳಿ ಬಂದಾಗ ಅಪ್ಪ ಇರಲಿಲ್ಲ. ಎಲ್ಲರೆದುರು ನನ್ನನ್ನು ಸುಳ್ಳುಬುರುಕಿ ಎಂದೆ. ನಾನು ಅದನ್ನು ಕರುಣೆ ಎನ್ನುತ್ತಿದ್ದೆ, ಅದೂ ಸೊಕ್ಕಿನಿಂದ.

ಈಗ ನನ್ನ ಮಂಚದ ಫೈಲಿನಲ್ಲಿ 'ಶ್ವಾಸಕೋಶದ ಸೋಂಕು' ಎಂದಿದೆ. ನನ್ನ ಕೈಕೆಳಗೆ ಕಲಿತ ಸಣ್ಣ ಡಾಕ್ಟರ್ ದಿನಾ ಬೆಳಿಗ್ಗೆ ಬಂದು, ದಿಂಬು ಸರಿಮಾಡುತ್ತಾ, 'ಬರೀ ಸೋಂಕು ಮೇಡಂ, ಹದಿನೈದು ದಿನದಲ್ಲಿ ರೌಂಡ್ಸಿಗೆ ಬರ್ತೀರಿ' ಎನ್ನುತ್ತಾನೆ. ವಾಕ್ಯವೂ ನನ್ನದೇ, ದಿಂಬಿನ ಪಾಠವೂ ನನ್ನದೇ: ಕಣ್ಣು ತಪ್ಪಿಸಬೇಕಾದರೆ ಕೈಗೊಂದು ಕೆಲಸ ಕೊಡಬೇಕು. ದಡ್ಡ, ನೆಟ್ಟಗೆ ಸುಳ್ಳು ಹೇಳಲೂ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಕೆನ್ನೆಗೆ ಬಾರಿಸೋಣ ಅನ್ನಿಸುತ್ತದೆ. ಆದರೆ ಅವನು ಹೋದಮೇಲೆ, ಹದಿನೈದು ದಿನ ಎಂದರೆ ಯಾವ ವಾರ ಎಂದು ಬೆರಳು ಮಡಿಚಿ ಎಣಿಸುತ್ತೇನೆ. ನನಗೂ ನಂಬುವ ಚಟ ಹತ್ತಿದೆ.

ಹಿಂದೆ ಇದೇ ಹಾಸಿಗೆಯಲ್ಲಿ ಒಬ್ಬ ಟೈಲರ್ ಇದ್ದ. ಮುಂದಿನ ತಿಂಗಳು ಮಿಷನ್ ತುಳಿಯಬಹುದು ಎಂದಿದ್ದೆ. ಅವನು ಮನೆಗೆ ಹೋಗಿ, ನಲವತ್ತು ಸ್ಕೂಲ್ ಯೂನಿಫಾರ್ಮಿಗೆ ಬಟ್ಟೆ ಕತ್ತರಿಸಿಟ್ಟು ಸತ್ತ. ಅವನ ಹೆಂಡತಿ ಬಂದು, 'ಗೊತ್ತಿದ್ದಿದ್ದರೆ ಬಟ್ಟೆ ಬಿಟ್ಟು ನನ್ನ ಹತ್ತಿರ ಕೂರುತ್ತಿದ್ದ' ಎಂದು ಬಾಯಿಗೆ ಬಂದಂತೆ ಬೈದಳು. ಆಗ ವಾಚ್‌ಮನ್ನನ್ನು ಕರೆಸಿ ಅವಳನ್ನು ಹೊರಗೆ ಕಳಿಸಿದೆ. ಈಗ ಆ ಟೈಲರ್ ನೋಡುತ್ತಿದ್ದ ಛಾವಣಿಯನ್ನೇ ನೋಡುತ್ತಾ ಬದುಕಿಗೆ ಅರ್ಥ ಹುಡುಕುತ್ತಿದ್ದೇನೆ. ನಗು, ಪರವಾಗಿಲ್ಲ. ಸಿಕ್ಕಿದ್ದು ಆ ನಲವತ್ತು ಹೊಲಿಯದ ಅಂಗಿಗಳು ಮಾತ್ರ. ಇನ್ನೆಷ್ಟು ಜನರ ಕೊನೆಯ ದಿನಗಳನ್ನು ಹೀಗೆ ಕದ್ದಿದ್ದೇನೋ.

ನನಗೆ ನಿಜ ಬೇಕು. ಡ್ರಾಯರಿನ ಒಂದು ಕೀಲಿ ಮೊದಲಿನಿಂದಲೂ ನನ್ನ ಹತ್ತಿರವೇ ಇದೆ. ಎರಡು ಸಲ ಮೇಜಿನವರೆಗೆ ಹೋಗಿ ವಾಪಸು ಬಂದೆ. ಹೆದರಿಕೆ, ಬೇರೇನಿಲ್ಲ. ಇಲ್ಲಿ ಯಾರನ್ನು ಕೇಳಿದರೂ ದಿಂಬು ಸರಿಮಾಡುತ್ತಾರೆ. ನೀನು ಬಂದು ಆ ಫೈಲನ್ನು ಗಟ್ಟಿಯಾಗಿ ಓದು. ನಾನು ಕ್ಷಮೆ ಕೇಳುತ್ತಿಲ್ಲ. ಹಣ್ಣು ತರಬೇಡ. ಅಳುವುದಿದ್ದರೆ ಬರಲೇಬೇಡ.

ಅಕ್ಕ
(ಆ ಪದ ಬೇಡವಾದರೆ ಹೊಡೆದುಹಾಕಿ, ಡಾಕ್ಟರು ಎಂದು ಓದಿಕೋ)

ತಾ.ಕ.: ಅಪ್ಪನಿಗೆ ಎಲ್ಲಾ ಗೊತ್ತಿತ್ತು. ಕೊನೆಯ ಶನಿವಾರ, 'ನಾಟಕ ಸಾಕಮ್ಮ, ಚಿಕ್ಕವಳನ್ನ ಕರೆಸು' ಎಂದರು. ಕರೆಸಿದರೆ ನನ್ನ ಸುಳ್ಳು ನಿನ್ನೆದುರು ಬಯಲಾಗುತ್ತಿತ್ತು. ಫೋನ್ ಮಾಡದೆಯೇ, 'ಮಾಡಿದೆ, ಅವಳಿಗೆ ರಜೆ ಸಿಗಲಿಲ್ಲವಂತೆ' ಎಂದುಬಿಟ್ಟೆ. ಮೂರು ದಿನ ಬಾಗಿಲನ್ನೇ ನೋಡುತ್ತಿದ್ದರು. ಇದನ್ನು ಬಚ್ಚಿಟ್ಟಿದ್ದರೆ ನೀನು ಕನಿಕರಪಟ್ಟು ಬಂದುಬಿಡುತ್ತಿದ್ದೆ. ಕನಿಕರಪಟ್ಟವರು ಸುಳ್ಳು ಹೇಳುತ್ತಾರೆ, ನನ್ನ ಹಾಗೆ. ಕೀಲಿಯನ್ನು ಈ ಲಕೋಟೆಯಲ್ಲೇ ಹಾಕಿದ್ದೇನೆ. ನನ್ನ ಹತ್ತಿರ ಇನ್ನೊಂದಿಲ್ಲ.