ಹಿಡಿ ಹಿಟ್ಟು

ಬನಹಟ್ಟಿ

ಪಾಸ್ಟರ್ ಪ್ರೇಮಕುಮಾರ ಅವರಿಗೆ ಕರ್ತನ ಹೆಸರಿನಲ್ಲಿ ವಂದನೆ.

ನಮಗಿಂತ ಮೊದಲು ನೆರೆಯವರ ಹಸಿವು ನೋಡಿರೆಂದು ನೀವು ಬೋಧಿಸಿದ ಮೇಲೆ, ರೊಟ್ಟಿ ಬಡಿಯುವ ಮುನ್ನ ದಿನವೂ ಒಂದು ಹಿಡಿ ಹಿಟ್ಟು ತೆಗೆದಿಟ್ಟೆ. ಹಾಸಿಗೆ ಹಿಡಿದ ಲಗಮವ್ವನಿಗೆ ಮುಟ್ಟಿಸಿರೆಂದು ಪ್ರತಿ ಭಾನುವಾರ ಚೀಲದಲ್ಲಿ ತುಂಬಿ ನಿಮ್ಮ ಕೈಗೇ ಕೊಟ್ಟೆ. ಎಷ್ಟೋ ದಿನ ನನ್ನ ತಾಟಿಗೇ ರೊಟ್ಟಿ ಕಡಿಮೆ ಬಿತ್ತು.

ಮೊನ್ನೆ ನಿಮ್ಮ ಮಗಳ ನಿಶ್ಚಯದ ಊಟಕ್ಕೆ ರೊಟ್ಟಿ ಬಡಿಯಲು ಕರೆದಿರಿ. ನಿಮ್ಮ ಅಡುಗೆಮನೆಯಲ್ಲಿದ್ದ ಹಿಟ್ಟಿನ ಚೀಲಗಳು, ಮಗ್ಗದ ತುಂಡುಬಟ್ಟೆಯಲ್ಲಿ ನಾನೇ ಹೊಲಿದವು. ರೊಟ್ಟಿ ಬಡಿದು ಮುಗಿಸಿ, ಬರುವಾಗ ಲಗಮವ್ವನ ಮನೆಗೆ ಹೋಗಿ ಹಿಟ್ಟು ಮುಟ್ಟುತ್ತಿದೆಯೇ ಎಂದು ಕೇಳಿದೆ.

"ಯಾವ ಹಿಟ್ಟವ್ವಾ? ಪಾಸ್ಟರ್ರು ಬರತಾರ, ಪ್ರಾರ್ಥನಾ ಮಾಡಿ ಹೋಗ್ತಾರ" ಎಂದಳು.

ಚೀಲಗಳನ್ನು ಕಳಿಸಿಕೊಡಿ. ಇನ್ನು ನಾನೇ ಮುಟ್ಟಿಸುತ್ತೇನೆ. ನಿಮ್ಮ ಮನೆಯಲ್ಲೂ ಹಿಟ್ಟಿಗೆ ತೊಂದರೆಯಿದ್ದರೆ ತಿಳಿಸಿ, ಇನ್ನೊಂದು ಹಿಡಿ ತೆಗೆದಿಡುತ್ತೇನೆ.

ನಿಮ್ಮ ಸಭೆಯ
ಸಂಧ್ಯಾ