ಅಳಿಯನಿಗೂ ಒಂದು ಢಾಲು ಬೇಕಾಗಲಿ

ಕಂಪ್ಯೂಟರ್ ಆಟದಲ್ಲಿ ಯಾರಿಗೆಷ್ಟು ಬಲವೆಂದು ನಿರ್ಧರಿಸುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಸೋತವರ ದೂರು ನಿಮಗೆ ದಿನವೂ ಬರುತ್ತಿರಬಹುದು. ಇದು ಗೆದ್ದವನ ದೂರು. ನಿಮ್ಮ ಸಾಹಸದ ಆಟಕ್ಕೆ ಸೇರ್ಪಡೆಯೆಂದು ಈಚೆಗೆ ಹೊರತಂದ ಸಿ.ಡಿ.ಯಲ್ಲಿ ಒಬ್ಬ ಹೊಸ ಮಾಂತ್ರಿಕನಿದ್ದಾನಲ್ಲ, ಅವನನ್ನು ಆಡಿಸತೊಡಗಿದ ಮೇಲೆ ನನಗೆ ಗೆಲ್ಲಲು ಯುದ್ಧ ಉಳಿದಿಲ್ಲ, ಆಡಲು ಗೆಳೆಯ ಉಳಿದಿಲ್ಲ. ಈಮೇಲ್ ಕಳಿಸಿದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ನಾನು ಕುರ್ಚಿಯಿಂದ ಏಳುವ ಮೊದಲೇ ಬಂತು. ಓದದೆಯೇ ಬೆಲೆ ಕಟ್ಟಬಲ್ಲ ನಿಮ್ಮ ಕಚೇರಿಗೆ ನಮಸ್ಕರಿಸಿ ಈಗ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ನಾವು ಮೂವರು ಬೆಳಗಾವಿಯಲ್ಲಿ ಒಟ್ಟಿಗೆ ಬಿ.ಎ. ಮಾಡಿದವರು. ನಾನು ವಡಗಾವಿಯ ಮಗ್ಗದ ಮನೆಯವನು. ಪ್ರಮಿಳಾ ಪೀರನವಾಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಸೋಮಲಿಂಗನದು ಖಾನಾಪುರ ತಾಲ್ಲೂಕಿನ ಗುಂಜಿ, ಭತ್ತದ ಗದ್ದೆ. ಕ್ಲಾಸಿಗೆ ರಜೆಯಿರುವ ರವಿವಾರ ಅವನು ರೈಲು ಹಿಡಿದು ಬರುತ್ತಿದ್ದ. ಪ್ರಮಿಳಾಳ ಮೂರು ಕಂಪ್ಯೂಟರುಗಳಿಗೆ ತಂತಿ ಬೆಸೆದು ಆಡುತ್ತಿದ್ದೆವು. ನಾನು ಬಿಲ್ಲುಗಾರ, ಪ್ರಮಿಳಾ ಗಾಯ ಮಾಯಿಸುವ ವೈದ್ಯೆ, ಸೋಮಲಿಂಗ ಢಾಲು ಹಿಡಿದು ಎಲ್ಲರ ಮುಂದೆ ನಿಲ್ಲುವವನು. ‘ನೀ ಹೊಡಿ, ನಾ ತಡೀತೀನಿ’ ಎನ್ನುತ್ತಿದ್ದ. ಎಂಟು ತಿಂಗಳು ಅವನ ಯುದ್ಧಶಾಸ್ತ್ರ ಇಷ್ಟೇ.

ಆಟಕ್ಕೆ ತನ್ನೂರಿನ ಮುಯ್ಯಿಯನ್ನು ತಂದವನೂ ಅವನೇ. ಇಂದು ಎಲ್ಲರೂ ನಿನ್ನ ಗದ್ದೆಗೆ ಇಳಿಯುವುದು, ನಾಳೆ ಎಲ್ಲರೂ ನನ್ನ ಗದ್ದೆಗೆ. ಹಾಗೆಯೇ ಒಂದು ವಾರ ಪ್ರಮಿಳಾಳ ಪಾಲಿನ ಸಾಹಸಕ್ಕೆ ಮೂವರೂ, ಮರುವಾರ ನನ್ನದಕ್ಕೆ. ಸೋಮಲಿಂಗ ತನ್ನ ಸರದಿಯನ್ನು ಕೊನೆಗೆಂದೇ ಇಟ್ಟುಕೊಂಡಿದ್ದ: ಕಲ್ಲುಕೋಟೆಯ ರಾಕ್ಷಸ. ಅದಕ್ಕೆಂದೇ ಅವನು ಎಂಟು ತಿಂಗಳು ಆ ಢಾಲನ್ನು ಬಲಪಡಿಸುತ್ತ ಬಂದಿದ್ದ.

ಅಷ್ಟರಲ್ಲಿ ನಿಮ್ಮ ಹೊಸಬ ಬಂದ. ನಾವು ಅವನಿಗೆ ‘ಅಳಿಯ’ ಎಂದು ಹೆಸರಿಟ್ಟೆವು. ಬಂದ ದಿನವೇ ಮನೆಯ ತುಪ್ಪವೆಲ್ಲ ಅವನ ತಾಟಿಗೆ. ಬಿಲ್ಲಿಗಿಂತ ದೂರ ಹೊಡೆಯುತ್ತಾನೆ, ವೈದ್ಯೆಗಿಂತ ಬೇಗ ಗಾಯ ಮಾಯಿಸಿಕೊಳ್ಳುತ್ತಾನೆ. ಮಾಯಿಸುವುದೇನು ಬಂತು, ಗಾಯವಾದರೆ ತಾನೆ? ಇಷ್ಟೆಲ್ಲ ಒಬ್ಬನಿಗೇ ಬಡಿಸುವಾಗ ಪಂಕ್ತಿಯಲ್ಲಿ ಉಳಿದವರೂ ಕೂತಿದ್ದಾರೆಂದು ನಿಮಗೆ ಕಾಣಲಿಲ್ಲವೇ? ನಾನು ಬಿಲ್ಲು ಬಿಟ್ಟು ಅಳಿಯನಾದೆ. ಮೊದಲ ರವಿವಾರ ಒಂದು ಗುಹೆ ಮುಗಿಸಿದಾಗ ಸೋಮಲಿಂಗ ಪರದೆಗೆ ಮುಖ ತಂದು ನೋಡಿದ.

“ಕಲ್ಲಯ್ಯ, ನನ್ನ ಢಾಲಿಗೆ ಒಂದ್ ಗೀರೂ ಬಿದ್ದಿಲ್ಲಲೋ.”

“ಛಲೋ ಆತಲ್ಲ, ಜೀವ ಉಳೀತು.”

“ಜೀವ ಉಳೀತು, ಕೆಲಸ ಹೋತು.”

ನಾನು ನಕ್ಕೆ. ನನ್ನಂಥ ನಗೆಗಾರನಿಗೆ ಇರುವ ದೊಡ್ಡ ರೋಗ ಇದೇ, ಎಲ್ಲವೂ ತನ್ನ ಖಾತೆಯ ನಗೆಯೆಂದು ತಿಳಿಯುವುದು. ಅಷ್ಟಕ್ಕೆ ನಿಲ್ಲದೆ ಉಪಕಾರ ಮಾಡಹೋದೆ. ಶನಿವಾರ ಕ್ಲಾಸ್ ಮುಗಿದ ಮೇಲೆ ಒಬ್ಬನೇ ಪೀರನವಾಡಿಗೆ ಹೋಗಿ, ಅವನ ಪಾತ್ರವನ್ನು ಕೋಟೆಯ ಬಾಗಿಲಲ್ಲಿ ನಿಲ್ಲಿಸಿ, ಅಳಿಯನಿಂದ ರಾಕ್ಷಸನನ್ನು ಹನ್ನೊಂದು ನಿಮಿಷದಲ್ಲಿ ಕೆಡವಿದೆ. ಮರುದಿನ ಹೆಮ್ಮೆಯಿಂದ ತೋರಿಸಿದೆ. ಸೋಮಲಿಂಗ ಚಪ್ಪಲಿ ಕಳಚಿರಲಿಲ್ಲ, ಕಳಚಲೂ ಇಲ್ಲ.

“ನಾ ಇಲ್ಲದಾಗ ನನ್ನ ಗದ್ದಿ ನೆಟ್ಟು ಬಂದಿಯೇನ?” ಎಂದ. “ಮೊದಲ ಹಿಡಿ ಸಸಿ ಮನಿಯವನ ಕೈಲೇ ಆಗಬೇಕು ಅಂತಾರ ನಮ್ಮಲ್ಲಿ.”

ಆ ಅಳಿಯನನ್ನು ಆಡಿಸದೆ ಬಿಡಬಹುದಲ್ಲ ಎಂದು ನೀವು ಕೇಳುತ್ತೀರಿ. ಬಿಟ್ಟು ನೋಡಿದೆ. ಮರುವಾರ ಪ್ರಮಿಳಾ ಫೋನ್ ಮಾಡಿ ಸೋಮಲಿಂಗನನ್ನು ಹೇಗೋ ಒಪ್ಪಿಸಿ ಕರೆಸಿದಳು. ನಾನು ಹಳೆಯ ಬಿಲ್ಲು ಹಿಡಿದೆ. ಅರ್ಧ ಗಂಟೆಯಲ್ಲಿ ಅವನು ಮೌಸ್ ಬಿಟ್ಟ.

“ಬ್ಯಾಡ ಬಿಡ್ರಿ ಸಾಹೇಬ್ರ,” ಎಂದ. ಇಷ್ಟು ವರ್ಷ ‘ಲೇ’ ಎಂದವನು ‘ರೀ’ ಎಂದ ಮೇಲೆ ಬೈಗುಳ ಬೇರೆ ಬೇಕೆ? “ಮುಯ್ಯಿಗೆ ಬಂದಾಂವ ಬೇಕಂತ ಕೈ ಹಿಂದ ಜಗ್ಗಿದ್ರ ಬಾಜೂದಾಂವಗ ಗೊತ್ತಾಗತೈತಿ.”

“ನಾನೂ ಅದನ್ನ ಹೇಳಬೇಕಂತಿದ್ದೆ,” ಎಂದಳು ಪ್ರಮಿಳಾ. “ಅಳಿಯ ಹೊಡೆಯೂದನ್ನ ಬರೇ ನೋಡಾಕ ನಾವ್ಯಾಕ ಬೇಕೋ ನಿನಗ?”

ಇಲ್ಲಿದೆ ನೋಡಿ ನಿಮ್ಮ ಅಪರಾಧ. ಬಲ ಒಮ್ಮೆ ಕೈಗೆ ಬಂದ ಮೇಲೆ ನಾನು ಅದನ್ನು ಬಳಸಿದರೆ ಗೆಳೆಯ ನಿರುಪಯೋಗಿ, ಬಳಸದಿದ್ದರೆ ಅವನ ಮೇಲೆ ಕರುಣೆ. ಸೌಜನ್ಯದಿಂದ ಸರಿಪಡಿಸಲಾಗದ ತಪ್ಪನ್ನು ನೀವು ಲೆಕ್ಕದಲ್ಲಿ ಮಾಡಿದ್ದೀರಿ, ಲೆಕ್ಕದಲ್ಲೇ ತಿದ್ದಬೇಕು. ಅಳಿಯನ ಮಂತ್ರ ಕಿತ್ತುಕೊಳ್ಳಿ ಎನ್ನುವುದಿಲ್ಲ. ಮಂತ್ರ ಹೇಳಿ ಮುಗಿಯುವತನಕ ಅವನ ಮುಂದೆ ಯಾರಾದರೂ ನಿಲ್ಲಲೇಬೇಕು ಎಂದು ಮಾಡಿ. ಅವನಿಗೆ ಒಂದೇ ಒಂದು ಕೊರತೆ ಕೊಡಿ. ನೀವು ಅಷ್ಟೆಲ್ಲ ಕೊಟ್ಟು ಮರೆತದ್ದು ಅದೊಂದನ್ನೇ.

ಗುಂಜಿಯಲ್ಲಿ ಈಗ ನಾಟಿ. ಕೂತಲ್ಲಿ ಕೂರಲಾಗದೆ ನಿನ್ನೆ ಫೋನ್ ಮಾಡಿದೆ. ನೆರೆಯ ಸತ್ಯಪ್ಪನ ಗದ್ದೆಗೆ ಮುಯ್ಯಿ ಹೋಗಬೇಕು, ಬರುವುದಿಲ್ಲ ಎಂದ. “ಅಲ್ಲಿ ನಾ ಬೇಕಾಗೇನಿ.” ನಾನೇ ಬರಲೇ ಎಂದು ಕೇಳಿದೆ.

“ನೆಡಾಕ ಬರತೈತೇನ ನಿನಗ?”

“ಇಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ.”

“ಹಂಗಾರ ಬಾರಲೇ. ನೀ ನೆಡು, ನಾ ಹಿಂದಿಂದ ಸರಿ ಮಾಡ್ಕೋತ ಬರ್ತೀನಿ.”

ರವಿವಾರದ ಮೊದಲ ರೈಲಿಗೆ ಹೊರಟಿದ್ದೇನೆ. ನಿಮ್ಮ ತಿದ್ದುಪಡಿ ನಾಟಿ ಮುಗಿಯುವುದರೊಳಗೆ ಬರಲಿ.

ಇಂತಿ,
ಎಲ್ಲವನ್ನೂ ಗೆದ್ದು, ಮುಂದೆ ನಿಲ್ಲುವವರಿಲ್ಲದ
ಕಲ್ಲಯ್ಯ, ವಡಗಾವಿ